ಅಡ್ಡಗಾಳಿಯಲ್ಲಿ ಅವ್ವನನ್ನು ಇಳಿಸಿದ್ದು

ಚಳಿಗಾಲದ ಅಡ್ಡಗಾಳಿಯಲ್ಲಿ ಪುಟ್ಟ ವಿಮಾನವನ್ನು ಹೇಗೆ ಇಳಿಸುತ್ತೀರಿ ಎಂದು ಯಾರಾದರೂ ಕೇಳಿದರೆ ನಾನು ದರಕಿನ ಹೊರೆಯಿಂದಲೇ ಶುರು ಮಾಡಬೇಕಾಗುತ್ತದೆ. ಕೇಳಿದವರು ಮುಖ ಮುಖ ನೋಡಿಕೊಳ್ಳುತ್ತಾರೆ. ನೋಡಿಕೊಳ್ಳಲಿ. ನನಗೆ ಗಾಳಿಯ ಪಾಠ ಆದದ್ದೇ ಅಲ್ಲಿ, ಶಿರಸಿಯಿಂದ ಎಕ್ಕಂಬಿಗೆ ಹೋಗುವ ರಸ್ತೆಯ ಬದಿಯ ಸೊಪ್ಪಿನ ಬೆಟ್ಟದಲ್ಲಿ. ವಿಮಾನ ಹತ್ತಿದ್ದು ಎಷ್ಟೋ ವರ್ಷಗಳ ಮೇಲೆ.

ದರಕು ಅಂದರೆ ಒಣಗಿ ಉದುರಿದ ಎಲೆ. ಚಳಿ ಹಿಡಿದು ಮೂಡಗಾಳಿ ಶುರುವಾಯಿತೆಂದರೆ ಬೆಟ್ಟದ ಮರಗಳೆಲ್ಲ ಎಲೆ ಸುರಿಸತೊಡಗುತ್ತವೆ. ಅದನ್ನು ಗುಡಿಸಿ ರಾಶಿ ಮಾಡಿ, ಹಗ್ಗದ ಬಲೆಯಲ್ಲಿ ಒತ್ತಿ ತುಂಬಿ, ತಲೆಯ ಮೇಲೆ ಹೊತ್ತು ಕೊಟ್ಟಿಗೆಗೆ ತರುವುದು ನಮ್ಮ ಕಡೆ ಹೆಂಗಸರ ಕೆಲಸ. ದನದ ಕಾಲಡಿ ಹಾಸಿದರೆ ಅದೇ ಮುಂದೆ ಗೊಬ್ಬರ. ಅವ್ವ ಮಧ್ಯಾಹ್ನದವರೆಗೆ ಅಡಿಕೆ ತೋಟದವರ ಬೆಟ್ಟ ಗುಡಿಸಿ, ಆಮೇಲೆ ನಮ್ಮ ಕೊಟ್ಟಿಗೆಗೆಂದು ಎರಡು ಹೊರೆ ತರುತ್ತಿದ್ದಳು. ಶಾಲೆಗೆ ರಜೆ ಇದ್ದ ದಿನ ಅದರಲ್ಲೊಂದು ಹೊರೆ ನನ್ನ ತಲೆಗೆ.

ದರಕಿನ ಹೊರೆ ಭಾರ ಇಲ್ಲ. ಅದೇ ಅದರ ತೊಂದರೆ. ಕಟ್ಟಿಗೆ ಹೊರೆಯಾದರೆ ನಿಮ್ಮನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ, ಗಾಳಿಗೆ ಅದು ಜಗ್ಗುವುದಿಲ್ಲ. ದರಕಿನದು ಹಾಗಲ್ಲ. ಹೊತ್ತವಳಿಗಿಂತ ಎರಡು ಪಟ್ಟು ಅಗಲ, ಒಳಗೆ ಬರೀ ಎಲೆ. ಬೆಟ್ಟದಿಂದ ಇಳಿದು ಕೊಯ್ಲಾದ ಗದ್ದೆಯ ಬದುವಿನ ಮೇಲೆ ಬಂದಿರೋ, ಮೂಡಗಾಳಿ ಪಕ್ಕದಿಂದ ಬಂದು ರಪ್ಪೆಂದು ಹೊಡೆಯುತ್ತದೆ. ಮೊದಲ ಸಲ ನಾನು ಹೊರೆ ಸಮೇತ ಗದ್ದೆಯೊಳಗೆ ಮಗುಚಿಕೊಂಡಿದ್ದೆ. ಅವ್ವ ನಕ್ಕೂ ನಕ್ಕೂ ಬದುವಿನ ಮೇಲೆ ಕೂತುಬಿಟ್ಟಿದ್ದಳು.

"ಗಾಳಿ ಬಂದ ಬದಿಗೇ ಹೊರೆ ವಾಲಿಸೇ" ಎಂದಳು ಆಮೇಲೆ. "ಕಾಲು ಮಾತ್ರ ನೆಟ್ಟಗೆ ಇಡು. ಮೈ ಅತ್ಲಾಗೆ, ಕಾಲು ಇತ್ಲಾಗೆ. ಬರ್ತದೆ ಮಾರಾಯ್ತಿ, ಎರಡು ದಿನಕ್ಕೆ ಬರ್ತದೆ."

ಬಂತು. ನನಗೆ ಬಾರದೆ ಹೋದದ್ದು ಹೊರೆ ಇಳಿಸುವುದು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡ ಅವಸರದ ಹುಡುಗಿ ನಾನು. ಅಂಗಳ ಮುಟ್ಟಿದೆನೋ ಇಲ್ಲವೋ, ಹೊರೆಯನ್ನು ದೊಪ್ಪೆಂದು ಎಸೆದು, ಬಲೆಯ ಹಗ್ಗ ಬಿಟ್ಟು, ಸೊಂಟ ನೆಟ್ಟಗೆ ಮಾಡಿ "ಉಸ್ಸಪ್ಪಾ" ಅನ್ನುವುದು ನನ್ನ ಪದ್ಧತಿ. ಮರುಗಳಿಗೆಗೇ ಗಾಳಿ ಬಲೆಯ ಬಾಯಿ ತೆರೆದು ಎಲೆಯನ್ನೆಲ್ಲ ಪಕ್ಕದ ಮನೆಯ ಅಂಗಳಕ್ಕೆ ಸಾಗಿಸುತ್ತಿತ್ತು. ಅವ್ವ ಮಾತ್ರ ಹೊರೆ ಇಳಿಸಿದ ಮೇಲೂ ಹಗ್ಗ ಬಿಡುತ್ತಿರಲಿಲ್ಲ. ಒಂದು ಕಾಲು ಬಲೆಯ ಮೇಲೆ ಊರಿ, ಕೊಟ್ಟಿಗೆಯೊಳಗೆ ಎಳೆದು ಹಾಕಿಯೇ ಕೈ ಬಿಡುವವಳು. ನನಗೆ ಬೈಯುತ್ತಿದ್ದಳು: "ನಿಂಗೆ ಮುಗೀತು ಅನ್ನಿಸಿದ ಕೂಡ್ಲೆ ಗಾಳಿಗೂ ಮುಗೀತಾ? ಗುಡಿಸು ಈಗ!" ನಾನು ಗಂಟುಮೋರೆ ಹಾಕಿಕೊಂಡು ಇಡೀ ಅಂಗಳ ಗುಡಿಸುತ್ತಿದ್ದೆ. ನೂರು ಸಲ ಗುಡಿಸಿರಬಹುದು, ಬುದ್ಧಿ ಮಾತ್ರ ಬರಲಿಲ್ಲ.

ಶಿರಸಿಯಲ್ಲಿ ಕಾಲೇಜು ಮುಗಿಸಿದ ಮೇಲೆ ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಬಯಲುಸೀಮೆಯ ಒಂದು ಹಾರಾಟದ ಶಾಲೆಗೆ ಸೇರಿದೆ. ಹೇಗೆ ಸೇರಿದೆ ಎನ್ನುವುದು ದೊಡ್ಡ ಕಥೆ, ಇಲ್ಲಿ ಬೇಡ. ಅಲ್ಲಿ ನನಗೆ ಕಲಿಸಿದವರು ಧಾರವಾಡ ಕಡೆಯ ಹಿರಿಯರು. ನರೆತ ಮೀಸೆ, ಇಂಜಿನ್ನಿಗಿಂತ ದೊಡ್ಡ ಗಂಟಲು. ಮೊದಲ ಅಡ್ಡಗಾಳಿಯ ಪಾಠದ ದಿನ ಅವರು ವಿವರಿಸಿದ್ದು ಇಷ್ಟು: ಗಾಳಿ ಎಡದಿಂದ ಬಂದರೆ ಕೈಯ ಹಿಡಿಕೆ ಎಡಕ್ಕೆ ತಿರುಗಿಸಿ ಎಡ ರೆಕ್ಕೆಯನ್ನು ಸ್ವಲ್ಪ ತಗ್ಗಿಸಬೇಕು, ಬಲಗಾಲಿನ ಪೆಡಲ್ ಒತ್ತಿ ಮೂತಿಯನ್ನು ಮಾತ್ರ ರನ್‌ವೇಗೆ ನೆಟ್ಟಗೆ ಇಡಬೇಕು, ಎಡಗಡೆಯ ಚಕ್ರ ಮೊದಲು ನೆಲ ಮುಟ್ಟಬೇಕು. ಉಳಿದ ಹುಡುಗರು ತಲೆ ಕೆರೆದುಕೊಂಡರು. ಒಂದೇ ಹೊತ್ತಿಗೆ ಕೈ ಒಂದು ಕಡೆಗೆ, ಕಾಲು ಇನ್ನೊಂದು ಕಡೆಗೆ, ಇದೆಂಥ ಗ್ರಹಚಾರ ಎಂದರು. ನಾನು ಒಳಗೊಳಗೇ ನಗುತ್ತಿದ್ದೆ.

ಇಳಿಸಿದೆ. ಚಕ್ರ ಬೆಣ್ಣೆಯ ಮೇಲೆ ಇಟ್ಟಹಾಗೆ ಕೂತಿತು.

"ಏ ತಂಗೀ, ಯಾರ್ ಕಲಿಸಿದ್ರು ನಿನಗ ಇದನ್ನ?" ಎಂದರು ಮೇಷ್ಟ್ರು.

"ಅವ್ವ, ಸರ್" ಎಂದೆ. ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡರು. ಅಷ್ಟರಲ್ಲಿ ನಾನು ಎಂದಿನಂತೆ "ಉಸ್ಸಪ್ಪಾ" ಎಂದು ಕೈ ಸಡಿಲ ಬಿಟ್ಟಿದ್ದೆ. ವಿಮಾನ ಇನ್ನೂ ಓಡುತ್ತಿತ್ತು. ಎಡ ರೆಕ್ಕೆ ಮೆಲ್ಲಗೆ ಮೇಲೆದ್ದಿತು. ಮೇಷ್ಟ್ರು ತಮ್ಮ ಕಡೆಯ ಹಿಡಿಕೆಯನ್ನು ಗಬಕ್ಕನೆ ತಿರುಗಿಸಿ ಅದನ್ನು ಕೆಳಗೆ ಕೂರಿಸಿದರು.

"ಬಿಡಬ್ಯಾಡ! ನೆಲಾ ಮುಟ್ಟಿದ ಮ್ಯಾಲೂ ಹಾರಾಕತ್ತದ ಅದು! ನಿಂತ ಮ್ಯಾಲ ಬಿಡು, ಹಗ್ಗಾ ಕಟ್ಟಿದ ಮ್ಯಾಲ ಬಿಡು!"

ಇದು ಒಂದು ದಿನದ ಮಾತಲ್ಲ. ಬೇರೆಯವರು ಇಳಿಯುವಾಗ ತಪ್ಪುತ್ತಿದ್ದರು, ನಾನು ಇಳಿದ ಮೇಲೆ ತಪ್ಪುತ್ತಿದ್ದೆ. ಹೊರೆ ಎಸೆದು ಬೆನ್ನು ನೆಟ್ಟಗೆ ಮಾಡುವ ಚಾಳಿ ಮೈಯಲ್ಲೇ ಕೂತುಬಿಟ್ಟಿತ್ತು. ಚಕ್ರ ನೆಲಕ್ಕೆ ತಾಗಿದ್ದೇ ತಡ, ನನ್ನ ಭುಜ ಇಳಿಯುತ್ತಿತ್ತು, ಕೈ ಸಡಿಲಾಗುತ್ತಿತ್ತು. ಗಾಳಿ ಇಲ್ಲದ ದಿನ ಅದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೀಗೇ ಪರೀಕ್ಷೆ ಮುಗಿಯಿತು, ಲೈಸೆನ್ಸೂ ಬಂತು.

ಅದಾದ ಮೊದಲ ಚಳಿಗಾಲದಲ್ಲಿ ಕೆಟ್ಟ ದಿನ ಬಂದೇ ಬಂತು. ಒಬ್ಬಳೇ ಹಾರಿ ಬಂದಿದ್ದೆ. ಮೂಡಗಾಳಿ ಜೋರಾಗಿತ್ತು. ಬಹಳ ಚೆಂದ ಇಳಿಸಿದೆ, ಅಷ್ಟು ಚೆಂದ ಮೊದಲೆಂದೂ ಇಳಿಸಿರಲಿಲ್ಲ. ಆ ಖುಷಿಗೆ ಕೈ ಬಿಟ್ಟೆ. ಎಡ ರೆಕ್ಕೆ ಎದ್ದಿತು, ಬಲ ರೆಕ್ಕೆಯ ತುದಿ ರನ್‌ವೇಯನ್ನು ಕರ್ರೆಂದು ಕೆರೆಯಿತು, ವಿಮಾನ ಗಾಳಿಯ ಕಡೆ ಮುಖ ತಿರುಗಿಸಿ ಹುಲ್ಲಿಗೆ ನುಗ್ಗಿ ನಿಂತಿತು. ನನಗೆ ಏನೂ ಆಗಲಿಲ್ಲ, ಒಂದು ಗೀರೂ ಇಲ್ಲ. ಆದರೆ ಆ ಕರ್ರ್ ಸದ್ದು ಇದೆಯಲ್ಲ, ಅದು ಎದೆಯೊಳಗೆ ಹೊಕ್ಕಿತು. ಮೇಷ್ಟ್ರು ಓಡಿಬಂದು ಬಾಗಿಲು ತೆಗೆದು, "ಕೈ ಕಾಲು ನೆಟ್ಟಗದಾವೇನು?" ಎಂದಷ್ಟೇ ಕೇಳಿದರು. ಬೈದಿದ್ದರೆ ವಾಸಿಯಿತ್ತು.

ಬರೆಯಬೇಕಾದ ವರದಿ ಬರೆದರು, ರೆಕ್ಕೆಯ ತುದಿ ಬದಲಾಯಿಸಿದರು, ನನ್ನನ್ನು ಮತ್ತೆ ಪಕ್ಕದಲ್ಲಿ ಕೂರಿಸಿಕೊಂಡು ಹತ್ತಾರು ಸಲ ಇಳಿಸಿ ಏಳಿಸಿ, ಸರಿ ಎಂದರು. ನನಗೆ ಸರಿ ಎನ್ನಿಸಲಿಲ್ಲ. ಒಬ್ಬಳೇ ಹಾರುತ್ತಿದ್ದೆ, ಬೆಳಗಿನ ತಣ್ಣಗಿನ ಹೊತ್ತಿನಲ್ಲಿ. ಹಾರಲು ಬಲ್ಲವರು ಪಕ್ಕದಲ್ಲಿದ್ದರೂ ಹಾರುತ್ತಿದ್ದೆ. ಏನೂ ಗೊತ್ತಿಲ್ಲದ ಒಂದು ಜೀವವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲು ಮಾತ್ರ ಆಗುತ್ತಿರಲಿಲ್ಲ. ತಲೆನೋವು, ನೆಗಡಿ, ಇಂಜಿನ್ನಿನ ಸದ್ದು ಯಾಕೋ ಸರಿಯಿಲ್ಲ, ಹೀಗೆ ದಿನಕ್ಕೊಂದು ನೆಪ. ಒಂದು ವರ್ಷ ಹೀಗೇ ಕಳೆಯಿತು. ಮನೆಗೆ ಫೋನ್ ಮಾಡಿದಾಗ "ಎಲ್ಲಾ ಅಡ್ಡಿಲ್ಲ ಅವ್ವಾ" ಎನ್ನುತ್ತಿದ್ದೆ. ರೆಕ್ಕೆ ಕೆರೆದದ್ದನ್ನು ಹೇಳಲೇ ಇಲ್ಲ.

ಹೊಸಬರಿಗೆ ಕಲಿಸುವ ಕೆಲಸಕ್ಕೆ ನನ್ನನ್ನು ತೆಗೆದುಕೊಳ್ಳಬೇಕು ಎಂಬುದು ಮೇಷ್ಟ್ರ ಆಸೆ. ನನಗೂ ಬೇರೆ ಯಾವುದೂ ಬೇಕಿರಲಿಲ್ಲ. ಆದರೆ ಕಲಿಸುವವಳು ಏನೂ ಬಾರದವರ ಪಕ್ಕವೇ ಕೂರಬೇಕಲ್ಲ! ಎರಡನೇ ಚಳಿಗಾಲ ಬಂದಾಗ ಅವರು ಕರೆದು ಹೇಳಿಬಿಟ್ಟರು.

"ನೋಡವಾ, ಚಳಿ ಮುಗಿಯೂದ್ರೊಳಗ ಯಾರನ್ನರ ಒಬ್ಬರನ್ನ ಕುಂಡ್ರಿಸಿಕೊಂಡು ಹೋಗಿ ಬಾ. ಇಲ್ಲಾಂದ್ರ ಈ ಕೆಲಸ ಇನ್ನೊಬ್ಬರಿಗೆ ಕೊಡಬೇಕಾಕ್ಕೈತಿ. ನಾನೂ ಎಷ್ಟಂತ ಕಾಯಲಿ?"

ಆ ವಾರವೇ ಅವ್ವನ ಫೋನ್.

"ಏ, ನನ್ನ ಒಂದ್ಸಲ ಕೂರಿಸ್ಕಂಡು ಹೋಗೇ. ಇಷ್ಟು ವರ್ಷ ಗುಡಿಸಿದ ಬೆಟ್ಟ ಮೇಲಿಂದ ಎಷ್ಟು ದೊಡ್ಡ ಕಾಣ್ತದೆ ನೋಡ್ಬೇಕು."

ನನಗೆ ನಗು ಬಂತು. ಘಟ್ಟದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಲು ಒಲ್ಲದ ಹೆಂಗಸು ಅವಳು. ಆಗುವುದಿಲ್ಲ ಎಂದೆ. ಎರಡು ದಿನ ಬಿಟ್ಟು ಮತ್ತೆ ಕೇಳಿದಳು. ಆಗುವುದಿಲ್ಲ, ರೂಲ್ಸ್ ಇದೆ, ನಿನಗೆ ವಾಂತಿ ಆಗುತ್ತದೆ ಎಂದೆಲ್ಲ ಹೇಳಿ ಫೋನ್ ಇಟ್ಟೆ. ಮೂರನೇ ಸಲ ಅವಳು ಫೋನ್ ಮಾಡಲಿಲ್ಲ. ಸೀದಾ ಬಸ್ಸು ಹತ್ತಿ ಬಂದುಬಿಟ್ಟಳು. ಕೈಯಲ್ಲೊಂದು ಡಬ್ಬಿ, ತುಂಬ ತೊಡದೇವು, ಹೊಸ ಕಬ್ಬಿನ ಹಾಲಿನದು. ಅಪ್ಪನಿಗೆ ಸಿದ್ದಾಪುರದಲ್ಲಿ ಮದುವೆ ಇದೆ ಎಂದು ಸುಳ್ಳು ಹೇಳಿ ಹೊರಟಿದ್ದಳಂತೆ.

ಮೇಷ್ಟ್ರಿಗೆ ಹಿಗ್ಗೋ ಹಿಗ್ಗು. "ಬರ್ರಿ ಅಕ್ಕಾರ, ಕುಂಡ್ರರಿ, ಚಾ ಕುಡೀರಿ" ಎಂದು ತಾವೇ ಕುರ್ಚಿ ಎಳೆದು ಹಾಕಿದರು. ಅವ್ವ ಡಬ್ಬಿ ಬಿಚ್ಚಿ ಎಲ್ಲರಿಗೂ ಹಂಚಿದಳು. ಮೇಷ್ಟ್ರು ಕಾಗದದಷ್ಟು ತೆಳ್ಳಗಿನ ತೊಡದೇವನ್ನು ಬಾಯಿಗಿಟ್ಟು, ಅದು ಕರಗುತ್ತಿದ್ದ ಹಾಗೆ ನನ್ನ ಕಡೆ ನೋಡಿ ಹೇಳಿದರು. "ನಾಳೆ ಮುಂಜಾನೆ ಕರಕೊಂಡು ಹೋಗು. ಗಾಳಿ ಏಳೂದ್ರೊಳಗ ತಿರುಗಿ ಬಾ." ನನ್ನ ಪಿತ್ತ ನೆತ್ತಿಗೇರಿತು. ಅವ್ವನೆದುರು ಏನು ಹೇಳಲಿ? ಹೂಂ ಎಂದೆ.

ಮರುದಿನ ಬೆಳಗ್ಗೆ ಎದ್ದರೆ ಮಂಜು. ಎದುರಿನ ಮರ ಕಾಣದಷ್ಟು ಮಂಜು. ಬದುಕಿದೆಯಾ ಬಡಜೀವವೇ, ಇವತ್ತು ಹಾರಾಟ ಇಲ್ಲ ಎಂದು ನಾನು ಸಮಾಧಾನ ಪಟ್ಟುಕೊಳ್ಳುವಷ್ಟರಲ್ಲಿ ಅದು ಕರಗಿ ಆಕಾಶ ತೊಳೆದಿಟ್ಟ ಹಾಗಾಯಿತು. ಹೊರಡುವ ಹೊತ್ತಿಗೆ ಅವ್ವ ಸೆರಗಿನ ಗಂಟಿನಿಂದ ಕುಂಕುಮ ತೆಗೆದು ವಿಮಾನದ ಮೂತಿಗಿಟ್ಟಳು. ಚಕ್ರದಡಿಗೆ ನಿಂಬೆಹಣ್ಣು ಇಡಬೇಕೆಂದಳು. ರನ್‌ವೇಯ ಹತ್ತಿರ ಒಂದು ಕಲ್ಲುಚೂರು ಬಿದ್ದರೂ ಕೂಗಾಡುವ ನಮ್ಮ ಮೇಷ್ಟ್ರು, ಚಪ್ಪಲಿ ಕಳಚಿ ಕೈ ಮುಗಿದು ನಿಂತಿದ್ದರು! ನಿಂಬೆಹಣ್ಣಿನ ರಸ, ಸಿಪ್ಪೆ ಎಲ್ಲ ಒರೆಸಿ ತೆಗೆಯುವಷ್ಟರಲ್ಲಿ ಬಿಸಿಲು ಏರಿತ್ತು. ಗಾಳಿ ಇನ್ನೂ ಎದ್ದಿರಲಿಲ್ಲ. ಹೊರಟೆವು.

ನೆಲ ಬಿಟ್ಟಾಗ ಅವ್ವ ಎರಡೂ ಕೈಯಲ್ಲಿ ಸೀಟಿನ ಅಂಚು ಹಿಡಿದು ಕಣ್ಣು ಮುಚ್ಚಿದ್ದಳು. ಬಯಲು ದಾಟಿ, ಕಾಡು ದಟ್ಟವಾಗುತ್ತಾ ಬಂದಾಗ "ಕಣ್ಣು ಬಿಡೇ ಅವ್ವಾ, ಊರು ಬಂತು" ಎಂದೆ. ಕಿವಿಗೆ ಹಾಕಿದ ಹೆಡ್‌ಫೋನಿನಲ್ಲಿ ನನ್ನ ದನಿ ಕೇಳಿ ಬೆಚ್ಚಿಬಿದ್ದು ಕಣ್ಣು ಬಿಟ್ಟಳು. ಆಮೇಲೆ ಮುಚ್ಚಲಿಲ್ಲ.

ಅವ್ವನಿಗೆ ಶಿರಸಿ ಗೊತ್ತಾದದ್ದು ದೇವಿಕೆರೆಯಿಂದ. ಅಲ್ಲಿಂದ ಬಸ್ಸಿನ ದಾರಿ ಹಿಡಿದು ಬೆರಳಲ್ಲೇ ಪ್ರಯಾಣ ಮಾಡಿದಳು. "ಇದು ಮಾರ್ಕೆಟ್ಟು, ಇಲ್ಲಿ ಬಸ್ಸು ನಿಲ್ತದೆ, ಇಲ್ಲಿ ಚಾ ಅಂಗಡಿ, ಇಲ್ಲಿಂದ ಎಕ್ಕಂಬಿ ರಸ್ತೆ." ಅಂಗಳ ಅಂಗಳದಲ್ಲೂ ಅಡಿಕೆ ಹರವಿತ್ತು. ಅಡಿಕೆ ಬೇಯಿಸುವ ಒಲೆಗಳ ಹೊಗೆ ನೆಟ್ಟಗೆ ಮೇಲೇರುತ್ತಿತ್ತು. ನಮ್ಮ ಗದ್ದೆಗಳ ಮೇಲೆ ಬಂದು, ರೆಕ್ಕೆ ತಗ್ಗಿಸಿ, "ನಿನ್ನ ಬೆಟ್ಟ ನೋಡು" ಎಂದೆ.

ಅವ್ವ ಹುಡುಕಿದಳು. ಹೆಬ್ಬೆರಳು ಮುಚ್ಚುವಷ್ಟು ಜಾಗ.

"ಇಷ್ಟೇಯಾ?" ಎಂದಳು. "ಇಷ್ಟು ಗುಡಿಸೂಕೆ ನನ್ನ ಸೊಂಟ ಹೋಯ್ತನೇ?"

ಇಬ್ಬರೂ ನಕ್ಕೆವು. ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆ ನಗುವಿನಲ್ಲಿ ನಾನು ಭಯ ಮರೆತೆ, ನಿಜಕ್ಕೂ ಮರೆತೆ. ಒಂದು ವರ್ಷದಿಂದ ಹಾರಾಟ ಅಂದರೆ ಬರೀ ಇಳಿಯುವ ಚಿಂತೆಯಾಗಿತ್ತು. ಅವತ್ತು ಮತ್ತೆ ಹಾರಾಟವಾಯಿತು. ಸಿದ್ದಾಪುರದ ಕಡೆ ತಿರುಗಿದೆ. ಎರಡು ಗುಡ್ಡದ ಸಂದಿಯಲ್ಲೆಲ್ಲ ತೋಟದ ಕಡುಹಸಿರು, ಮೇಲಕ್ಕೆ ಬೋಳಾಗುತ್ತಿದ್ದ ಬೆಟ್ಟ. ಅಲ್ಲಿಂದ ಹಿಂದೆ ಬಂದು ಸೋಂದಾ ದಾಟಿ ಯಲ್ಲಾಪುರದ ಕಡೆ ಹೋದೆ. "ಚಂದಗುಳಿ ಎತ್ಲಾಗೆ?" ಎಂದಳು ಅವ್ವ. ತೋರಿಸಿದೆ. ಅಲ್ಲಿಯ ಘಂಟೆಗಣಪತಿಗೆ ಬಗ್ಗಿ ಕೈ ಮುಗಿಯಲು ಹೋಗಿ ಬೆಲ್ಟು ಅಡ್ಡ ಬಂದು, "ಇದೊಂದು ಕಾಟ" ಎಂದು ಕುಳಿತಲ್ಲೇ ತಲೆ ಬಗ್ಗಿಸಿದಳು. ಗಣಪತಿಯನ್ನು ಮೇಲಿಂದ ನೋಡಿದ್ದು ತಪ್ಪೋ ಏನೋ ಎಂದೂ ಕೇಳಿದಳು. ಗಣಪತಿಯೇನೂ ತಪ್ಪು ತಿಳಿಯುವುದಿಲ್ಲ ಎಂದೆ.

ಹೊತ್ತು ಹೋದದ್ದೇ ತಿಳಿಯಲಿಲ್ಲ. ವಾಪಸು ಹೊರಟಾಗ ಅವ್ವನೇ ಮೊದಲು ನೋಡಿದ್ದು.

"ಹೊಗೆ ಮಲಗ್ತಾ ಇದೆ ನೋಡೇ."

ನೋಡಿದೆ. ಆಗ ನೆಟ್ಟಗಿದ್ದ ಹೊಗೆಯೆಲ್ಲ ಈಗ ಪಶ್ಚಿಮಕ್ಕೆ ಅಡ್ಡ ಮಲಗಿತ್ತು. ಮೂಡಗಾಳಿ ಎದ್ದಿತ್ತು.

ಬಯಲಿನ ಮೇಲೆ ಬರುವಷ್ಟರಲ್ಲಿ ವಿಮಾನ ಎತ್ತಿನ ಗಾಡಿಯ ಹಾಗೆ ಕುಲುಕತೊಡಗಿತು. ನಮ್ಮ ರನ್‌ವೇ ಉತ್ತರ ದಕ್ಷಿಣ, ಗಾಳಿ ಪೂರ್ವದ್ದು, ಸರಿಯಾಗಿ ಅಡ್ಡ. ಬರೀ ಅಡ್ಡ ಆಗಿದ್ದರೆ ಪರವಾಗಿರಲಿಲ್ಲ, ಒಮ್ಮೆ ಬೀಸಿ ಒಮ್ಮೆ ಬಿಡುವ ಗಾಳಿ ಅದು. ರೇಡಿಯೋದಲ್ಲಿ ಮೇಷ್ಟ್ರ ದನಿ ಬಂತು. ಅವರು ಕಚೇರಿ ಬಿಟ್ಟು ರೇಡಿಯೋ ಎದುರೇ ಕೂತಿದ್ದರು. ಗಾಳಿಯ ದಿಕ್ಕು, ವೇಗ ಎಲ್ಲ ಹೇಳಿ, ಮೆಲ್ಲಗೆ ಒಂದು ಮಾತು ಸೇರಿಸಿದರು. "ನಿನ್ನ ಕೈ ಮೀರಿದ್ದೇನಲ್ಲ."

ಕೈ! ಆ ಕೈಯ ಮೇಲೇ ನನಗೆ ನಂಬಿಕೆ ಇರಲಿಲ್ಲವಲ್ಲ. ಪಕ್ಕದಲ್ಲಿ ಅವ್ವ ಕೂತಿದ್ದಳು, ಒಳ್ಳೆಯ ಸೀರೆ ಉಟ್ಟು, ಬೆಲ್ಟು ಬಿಗಿದುಕೊಂಡು. ಒಂದು ವರ್ಷದಿಂದ ಯಾವುದಕ್ಕೆ ಹೆದರಿ ನೆಪ ಹೇಳುತ್ತಾ ಬಂದೆನೋ, ಅದೇ ಬಂದು ಎದುರಿಗೆ ನಿಂತಿತ್ತು. ಅದೂ ಬೇರೆ ಯಾರೂ ಅಲ್ಲ, ಅವ್ವನನ್ನೇ ಪಕ್ಕದಲ್ಲಿ ಕೂರಿಸಿಕೊಂಡು.

ಮೊದಲ ಸಲ ಇಳಿಯಲು ಬಂದೆ. ಮೂತಿ ಗಾಳಿಯ ಕಡೆ ಓರೆ, ಸಾಗುವ ದಾರಿ ಮಾತ್ರ ರನ್‌ವೇಯ ನೇರಕ್ಕೆ. ಗಾಳಿ ತಟ್ಟನೆ ನಿಂತರೆ ವಿಮಾನ ಕುಸಿಯಬಾರದು ಎಂದು ವೇಗವನ್ನು ಕೊಂಚ ಹೆಚ್ಚೇ ಇಟ್ಟುಕೊಂಡಿದ್ದೆ. ನೆಲ ಹತ್ತಿರ ಬಂತು. ಮೂತಿ ನೇರ ಮಾಡಿ ಎಡ ರೆಕ್ಕೆ ತಗ್ಗಿಸುವ ಹೊತ್ತಿಗೆ ದೊಡ್ಡದೊಂದು ಬೀಸು ಬಂದು ನಮ್ಮನ್ನು ಎತ್ತಿ ಬಲಕ್ಕೆ ತಳ್ಳಿತು. ರನ್‌ವೇಯ ಅಂಚು ಕಾಲಡಿಗೆ ಬಂತು. ಹಠ ಮಾಡಿ ಕೂರಿಸಬಹುದಿತ್ತೇನೋ. ಹಳೆಯ ನಾನಾಗಿದ್ದರೆ ಹಾಗೇ ಮಾಡುತ್ತಿದ್ದೆ, ಒಮ್ಮೆ ಮುಗಿದುಹೋಗಲಿ ಎಂದು. ಅವತ್ತು ಹಾಗೆ ಮಾಡಲಿಲ್ಲ. ಇಂಜಿನ್ ಪೂರ್ತಿ ತೆರೆದು ಮೇಲೆ ಹತ್ತಿದೆ.

"ಎಂತಾ, ಇಳಿಯೂದಿಲ್ವಾ?" ಎಂದಳು ಅವ್ವ.

"ಗಾಳಿ ಸರಿ ಇಲ್ಲ. ಇನ್ನೊಂದು ಸುತ್ತು ಹಾಕಿ ಬರುವ."

"ಅಡ್ಡಿಲ್ಲ. ನಂಗೆಂತಾ ಅವಸರ, ಒಲೆ ಮೇಲೆ ಅನ್ನ ಇಟ್ಟು ಬಂದಿದ್ನಾ?"

ಮೇಷ್ಟ್ರು ರೇಡಿಯೋದಲ್ಲಿ, "ಛೊಲೋ ಮಾಡಿದಿ ತಂಗಿ. ಬ್ಯಾಡ ಅನ್ನಿಸಿದ್ರ ದೊಡ್ಡ ಏರ್‌ಪೋರ್ಟಿಗೆ ಹೋಗು, ಅಲ್ಲಿ ಪಟ್ಟಿ ಅಗಲ ಐತಿ" ಎಂದರು. ಎಣ್ಣೆ ಬೇಕಾದಷ್ಟಿತ್ತು. ಇನ್ನೊಂದೇ ಸಲ ನೋಡುವುದು, ಆಗದಿದ್ದರೆ ಮರುಮಾತಿಲ್ಲದೆ ಅಲ್ಲಿಗೇ ಹೋಗುವುದು ಎಂದು ನಿಶ್ಚಯ ಮಾಡಿದೆ. ಹಾಗೆ ನಿಶ್ಚಯ ಮಾಡಿದ್ದೇ ಎದೆಯ ಬಡಿತ ಅರ್ಧ ಇಳಿಯಿತು.

ಎರಡನೇ ಸಲ. ರನ್‌ವೇ ಬದಿಯ ಕಂಬದ ಗಾಳಿಚೀಲ ಅಡ್ಡ ಚಾಚಿ ನಿಂತಿತ್ತು, ಒಮ್ಮೆ ಬಾಗಿ ಮತ್ತೆ ಚಾಚಿತು. ನೆಲ ಹತ್ತಿರವಾಯಿತು. ಬಲಗಾಲು ಒತ್ತಿದೆ, ಮೂತಿ ನೇರವಾಯಿತು. ಎಡಕ್ಕೆ ವಾಲಿಸಿದೆ. ಗಾಳಿ ಹೊಡೆಯಿತು, ಇನ್ನಷ್ಟು ವಾಲಿಸಿದೆ. ಬಿಟ್ಟಿತು, ಅಷ್ಟೇ ಸಡಿಲಿಸಿದೆ. ಎಡಚಕ್ರ ಕಿರ್ರೆಂದು ಮುಟ್ಟಿತು. ಒಂದು ಗಳಿಗೆ ಒಂಟಿ ಕಾಲಿನಲ್ಲೇ ಓಡಿದೆವು. ಆಮೇಲೆ ಬಲಚಕ್ರ, ಆಮೇಲೆ ಮೂತಿಯ ಚಕ್ರ.

ಆಗ ಬಂತು ನೋಡಿ ಅದು, ಭುಜದಿಂದ ಮೊಣಕೈಗೆ, ಮೊಣಕೈಯಿಂದ ಬೆರಳಿಗೆ ಇಳಿಯುವ ಆ ಹಾಳು ಸುಖ. ಮುಗೀತು, ಬಿಡು ಅನ್ನುವ ಸುಖ. ನನಗೆ ಅದು ಬರುವುದು ಗೊತ್ತಾಯಿತು. ಅಷ್ಟು ವರ್ಷದಲ್ಲಿ ಮೊದಲ ಸಲ ಅದು ಬರುವ ಮುಂಚೆಯೇ ಗೊತ್ತಾಯಿತು. ಹಲ್ಲು ಕಚ್ಚಿ ಹಿಡಿಕೆಯನ್ನು ಎಡಕ್ಕೆ ಇನ್ನೂ ತಿರುಗಿಸಿದೆ. ವೇಗ ಇಳಿಯಿತು, ಮತ್ತೂ ತಿರುಗಿಸಿದೆ. ಇನ್ನೊಂದು ಬೀಸು ಬಂದು ರೆಕ್ಕೆಯ ಕೆಳಗೆ ಕೈ ಹಾಕಿ ನೋಡಿತು, ಎತ್ತಲಾಗಲಿಲ್ಲ. ವಿಮಾನ ನಡೆಯುವಷ್ಟು ನಿಧಾನವಾದರೂ ನಾನು ಬಿಡಲಿಲ್ಲ. ರನ್‌ವೇಯಿಂದ ತಿರುಗಿ, ಶೆಡ್ಡಿನ ಎದುರು ಬಂದು, ಇಂಜಿನ್ ಆರಿಸಿ, ಹುಡುಗರು ಚಕ್ರಕ್ಕೆ ಅಡ್ಡ ಕೊಟ್ಟು ರೆಕ್ಕೆಗೆ ಹಗ್ಗ ಬಿಗಿಯುವವರೆಗೂ ಹಿಡಿದೇ ಇದ್ದೆ. ಅಯ್ಯೋ ದೇವರೇ, ಎಷ್ಟು ಖುಷಿಯಾಗಿತ್ತು ನನಗೆ! ಜೀವಮಾನದಲ್ಲಿ ಅಷ್ಟು ಖುಷಿ ಯಾವತ್ತೂ ಆಗಿರಲಿಲ್ಲ.

ಸದ್ದೆಲ್ಲ ನಿಂತಿತು. ಅವ್ವ ಹೆಡ್‌ಫೋನ್ ತೆಗೆದು, ಕೂದಲು ಸರಿ ಮಾಡಿಕೊಂಡು, ತನ್ನ ಕಡೆಯ ಕಿಟಕಿಯಿಂದ ಬಲ ರೆಕ್ಕೆಯ ತುದಿಯನ್ನು ಬಗ್ಗಿ ನೋಡಿದಳು.

"ಈ ಸಲ ರೆಕ್ಕೆ ನೆಲಕ್ಕೆ ತಾಗ್ಲಿಲ್ಲ, ಅಲ್ದಾ?"

ನಾನು ಅವಳ ಮುಖ ನೋಡಿದೆ.

"ಯಾರು ಹೇಳಿದ್ದು ನಿಂಗೆ?"

"ನಿನ್ನ ಮೇಷ್ಟ್ರು. ಅವತ್ತೇ ಫೋನ್ ಮಾಡಿದ್ರು. ಹುಡುಗಿ ಆರಾಮ ಐತಿ, ಗಾಬರಿ ಆಗಬ್ಯಾಡ್ರಿ ಅಂದ್ರು."

"ಒಂದು ವರ್ಷ ಸುಮ್ನೇ ಇದ್ಯಲ್ಲೇ ಅವ್ವಾ!"

"ನೀನೇ ಹೇಳ್ತೀಯೇನ ಅಂತ ಕಾದೆ. ನೀ ಫೋನ್ ಮಾಡಿದಾಗೆಲ್ಲ ಅಡ್ಡಿಲ್ಲ ಅಡ್ಡಿಲ್ಲ ಅಂದೆ. ಮೊನ್ನೆ ಅವ್ರೇ ಮತ್ತೆ ಮಾಡಿದ್ರು. ಯಾರನ್ನೂ ಪಕ್ಕ ಕೂರಿಸ್ಕಳೂಕೆ ಒಪ್ಪೂದಿಲ್ಲ, ಹೀಗೇ ಆದ್ರೆ ಕೆಲಸ ಹೋಗ್ತದೆ ಅಂದ್ರು. ಮತ್ತೆ ಯಾರು ಕೂರ್ತಾರೆ? ನಾನೇ ಕೂರ್ತೆ ಅಂದೆ."

ಶೆಡ್ಡಿನ ಕಡೆಯಿಂದ ಮೇಷ್ಟ್ರು ಕೈ ಬೀಸುತ್ತಾ ಬರುತ್ತಿದ್ದರು. ಗಾಳಿ ಇನ್ನೂ ಬೀಸುತ್ತಿತ್ತು, ಕಟ್ಟಿ ಹಾಕಿದ ವಿಮಾನ ಸಣ್ಣಗೆ ಅಲುಗುತ್ತಿತ್ತು.

"ಹೆದ್ರಿಕೆ ಆಗ್ಲಿಲ್ವಾ ನಿಂಗೆ?" ಎಂದೆ.

"ಆಗದೇ ಇರ್ತದಾ?" ಎಂದಳು ಅವ್ವ, ಬೆಲ್ಟಿನ ಕೊಂಡಿ ಎಲ್ಲಿದೆ ಎಂದು ತಡಕಾಡುತ್ತಾ. "ಬಿದ್ರೆ ಇಬ್ರೂ ಒಟ್ಟಿಗೇ ಬೀಳ್ತೇವಲ್ಲ ಅಂತ ಕೂತೆ. ನಿನ್ನೊಬ್ಬಳನ್ನೇ ಬೀಳೂಕೆ ಬಿಟ್ಟು ನಾ ಮನೇಲಿ ಕೂತು ಎಂತಾ ಮಾಡ್ಲಿ?"